ಕೇಳಿ ತಂದ ನೀರು

ಕೊಡಲಿಯ ಸದ್ದು ಬರಬಾರದ ದಿಕ್ಕಿನಿಂದ ಬರುತ್ತಿತ್ತು. ಗಂಡನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಿದ್ದ ಸೀತಾ ದಾರದ ತುದಿಯನ್ನು ಹಾಗೇ ಹಿಡಿದುಕೊಂಡು ಕಿವಿಗೊಟ್ಟಳು. ಈ ಮನೆಯಲ್ಲಿ ತೀರಿಕೊಂಡವರನ್ನೆಲ್ಲ ಸುಟ್ಟದ್ದು ಹಿತ್ತಲಾಚೆಯ ಬೆಟ್ಟದ ನೆತ್ತಿಯಲ್ಲಿ. ಕೊಡಲಿ ಬೀಳುತ್ತಿದ್ದದ್ದು ಮುಂದಿನ ತಗ್ಗಿನಲ್ಲಿ, ನೆರೆಯ ಗಣಪನ ಮನೆಯ ಕಡೆ.

"ತನುಜಾ, ಅಲ್ಲಿ ಎಂತಕ್ಕೆ ಕಟ್ಟಿಗೆ ಕಡಿತಾ ಇದ್ದ?"

ಮಗಳು ಇನ್ನೊಂದು ಊದಿನಕಡ್ಡಿ ಹಚ್ಚಿದಳು. ಮೂರು ಕಡ್ಡಿ ಆಗಲೇ ಉರಿಯುತ್ತಿದ್ದವು, ನಾಲ್ಕನೆಯದರ ಅಗತ್ಯವೇನೂ ಇರಲಿಲ್ಲ.

"ಬಾಯಲ್ಲಿ ಎಂತ ಇಟ್ಕಂಡಿದ್ದೆ? ಹೇಳು."

"ವಿನೋದ ಅಲ್ಲೇ ಸುಡವು ಹೇಳ್ತಾ ಇದ್ದ ಆಯಿ. ಮಂಜಿ ಬಾವಿ ಹತ್ರ. ಮುಂದಿನ ತಿಂಗಳು ಮರುಅಳತೆ ಇದ್ದಡ. ಡ್ರೋನ್ ಹಾರಿಸ್ತ್ವಡ. ಜಾಗ ಯಾರ ಕೈಲಿದ್ದು ಹೇಳಿ ಕೇಳ್ತ್ವಡ."

ಸೀತಾಗೆ ಇನ್ನೇನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಂಚಿಕೇರಿ ಸುತ್ತಿನ ಈ ಕೇರಿಯಲ್ಲಿ ಬರೆಯದ ಕಾಯಿದೆಯೊಂದಿದೆ. ಒಂದು ಮನೆಯವರು ಹೆಣ ಸುಟ್ಟ ಜಾಗದಲ್ಲಿ ಇನ್ನೊಂದು ಮನೆಯವರು ಗುದ್ದಲಿ ಹಾಕುವಂತಿಲ್ಲ. ಬೂದಿ ತೆಗೆದ ಮೇಲೆ ಅಲ್ಲೊಂದು ಗಿಡ ನೆಟ್ಟರೆ ಮುಗಿಯಿತು, ತಹಶೀಲ್ದಾರರ ಮೊಹರಿಗಿಂತ ಅದು ಗಟ್ಟಿ. ಇನ್ನು ಚಿತೆಯಿಂದ ಹದಿನೈದು ಹೆಜ್ಜೆ ದೂರದ ಬಾವಿಯ ನೀರನ್ನು ಯಾರು ಕುಡಿಯುತ್ತಾರೆ? ಗಣಪ, ಅವನ ಹೆಂಡತಿ ಮಂಜಿ, ಮಗ ಉಲ್ಲಾಸ ಎಲ್ಲರೂ ಒಂದೇ ಬೇಸಿಗೆಯಲ್ಲಿ ಗಂಟುಮೂಟೆ ಕಟ್ಟಬೇಕಾಗುತ್ತದೆ. ಯಲ್ಲಾಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಮಗ ವಿನೋದ ಅಪ್ಪನ ಹೆಣವನ್ನೇ ಗಡಿಯ ಬಾಂದುಗಲ್ಲು ಮಾಡಲು ಹೊರಟಿದ್ದ. ಅದೂ ಎಂಥ ಅಪ್ಪ! ನಿನ್ನೆ ಸಂಜೆ ಎರಡು ಕೊಡ ನೀರು ತಂದಿಟ್ಟು, ಉಂಡು ಮಲಗಿ, ಬೆಳಗ್ಗೆ ಏಳದೇ ಹೋದವರು.

ಆಕೆಗೆ ಅಳು ಬರಬೇಕಾದ ಹೊತ್ತಿನಲ್ಲಿ ಸಿಟ್ಟು ಬಂತು.

*

ಸೀತಾಳ ಗಂಡ ದಿನಕರ ಹೆಗಡೆಯವರು ಮೂವತ್ತೈದು ವರ್ಷ ದೇಶದ ಗಡಿಯಲ್ಲಿ ಕಲ್ಲು ಹುಗಿದವರು. ಸರ್ವೆಯವರಾಗಿ ಬಂಗಾಳದ ಕಡೆ ಹೋದವರು ಅಲ್ಲೇ ಉಳಿದರು. ಊರಿಗೆ ಬಂದಾಗ ಜನ ಅವರನ್ನು ಸೈನಿಕರೆಂದು ತಿಳಿದು ಯುದ್ಧದ ಕತೆ ಕೇಳುತ್ತಿದ್ದರು. ಅವರು ಸಿಮೆಂಟು ಕಲಸುವ ಕತೆ ಹೇಳುತ್ತಿದ್ದರು. ಕೇಳುವವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು.

ಮದುವೆಯಾದ ಮೂರನೇ ವರ್ಷ ಸೀತಾ ಒಮ್ಮೆ ಅವರ ಜೊತೆ ಜೀಪಿನಲ್ಲಿ ಗಡಿ ನೋಡಲು ಹೋಗಿದ್ದಳು. ಗಡಿ ಅಂದರೆ ಗೋಡೆಯೋ ನದಿಯೋ ಇರಬೇಕೆಂದುಕೊಂಡವಳಿಗೆ ಕಂಡದ್ದು ಒಂದು ಅಂಗಳ. ಸಗಣಿ ಸಾರಿಸಿದ್ದರು. ಒಂದು ಬದಿಗೆ ಅಡುಗೆಮನೆ, ಇನ್ನೊಂದು ಬದಿಗೆ ಬಾವಿ, ಎಮ್ಮೆ. ಎಂದೋ ಬಿಳಿ ಸಾಹೇಬನೊಬ್ಬ ದೂರದ ಕೋಣೆಯಲ್ಲಿ ಕೂತು ಐದು ವಾರದಲ್ಲಿ ಎಳೆದು ಮುಗಿಸಿದ ಗೆರೆ ಆ ಅಂಗಳದ ನಡುವೆ ಹಾಯುತ್ತಿತ್ತು. ಎರಡೂ ದೇಶದ ಅಧಿಕಾರಿಗಳು ನಕ್ಷೆ ಹರಡಿ ತಲೆ ಆಡಿಸಿದರು. ದಿನಕರ ಗುಂಡಿ ತೋಡಿಸಿದರು.

ಆ ಮನೆಯ ಹೆಂಗಸು ಎಲ್ಲರಿಗೂ ಮಂಡಕ್ಕಿ ಕೊಟ್ಟಳು. ಸೀತಾಳ ಕಂಕುಳಲ್ಲಿದ್ದ ವಿನೋದನ ಕೈಗೂ ಒಂದು ಹಿಡಿ ಹಾಕಿದಳು. ಆಮೇಲೆ ಬಾವಿಯ ಕಡೆ ಬೆರಳು ತೋರಿಸಿ ದಿನಕರರನ್ನು ಏನೋ ಕೇಳಿದಳು. ಕೇಳಿದ್ದನ್ನೇ ಮತ್ತೆ ಕೇಳಿದಳು.

"ಎಂತ ಹೇಳ್ತು ಅದು?" ಸೀತಾ ಗಂಡನನ್ನು ಕೇಳಿದಳು.

"ನಾಳೆಯಿಂದ ನೀರಿಗೆ ಹೋಗಕಾದ್ರೆ ಆನು ಯಾರನ್ನ ಕೇಳವು ಹೇಳಿ."

"ನಿಂಗ ಎಂತ ಹೇಳಿದ್ರಿ?"

"ಗೆರೆ ಎಳೆದವ ಆನಲ್ಲ."

ಕಲ್ಲು ನಿಂತಿತು. ಆ ದಿನ ದಿನಕರ ಊಟಕ್ಕೆ ಏಳಲಿಲ್ಲ. ಹಾಗೆಂದು ಆ ಕೆಲಸವನ್ನು ತಪ್ಪು ಅಂದವರೂ ಅಲ್ಲ. ಒಂದು ಗೆರೆ ಅಲುಗಿದರೆ ಎಲ್ಲ ಗೆರೆಯೂ ಅಲುಗುತ್ತದೆ, ಆಮೇಲೆ ಓಡುವವರು ಸಾಹೇಬರಲ್ಲ, ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಅನ್ನುತ್ತಿದ್ದರು. ಹಾಗೆ ಓಡಿಬಂದವರ ಬಿಡಾರಗಳನ್ನು ಅವರು ಕಣ್ಣಾರೆ ಕಂಡಿದ್ದರು.

*

ಚಟ್ಟ ಹೊರಟಾಗ ಹನ್ನೊಂದರ ಬಿಸಿಲು. ಹೆಂಗಸರು ಅಂಗಳದ ತುದಿಗೆ ನಿಲ್ಲಬೇಕು, ರೂಢಿ. ತನುಜಾ ನಿಂತಳು. ಸೀತಾ ನಿಲ್ಲಲಿಲ್ಲ. ಹಿಂದಿನಿಂದ ಯಾರೋ "ಅತ್ತಿಗೇ" ಎಂದು ಕರೆದರು, ಆಕೆ ತಿರುಗಲಿಲ್ಲ. ಇಂಥ ಹೊತ್ತಿನಲ್ಲಿ ವಿಧವೆಯ ಕೈ ಹಿಡಿದೆಳೆಯುವ ಧೈರ್ಯ ಯಾರಿಗೂ ಬರಲಿಲ್ಲ.

ತಗ್ಗಿನಲ್ಲಿ ಕಟ್ಟಿಗೆ ಒಟ್ಟಿತ್ತು. ಅದರ ಮೇಲೆ ಉಲ್ಲಾಸ ಕೂತಿದ್ದ. ಟೆಂಪೊ ಓಡಿಸುವ ಹುಡುಗ, ಸಾವಿನ ಸುದ್ದಿಯನ್ನು ಬೆಳಗ್ಗೆ ಊರಿಗೆಲ್ಲ ಮುಟ್ಟಿಸಿದವನೂ ಅವನೇ. ಅವನ ಅಪ್ಪ ಗಣಪ ದೂರದಲ್ಲಿ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಮಂಜಿ ಬಾವಿಕಟ್ಟೆಯ ಬಳಿ ಇದ್ದಳು.

"ಏಳಾ ಉಲ್ಲಾಸ," ಅಂದ ವಿನೋದ. ಅವನ ಕೈಯಲ್ಲಿ ಬೆಂಕಿಯ ಮಡಕೆ ಹೊಗೆಯಾಡುತ್ತಿತ್ತು.

"ಹೆಗ್ಡೇರ ಮೇಲೆ ನಂಗೆ ಸಿಟ್ಟಿಲ್ಲ ವಿನೋದಣ್ಣ. ಚಟ್ಟಕ್ಕೆ ಹೆಗಲು ಕೊಡು ಅನ್ನು, ಕೊಡ್ತೆ. ಇಲ್ಲಿ ಸುಡ್ತೆ ಅಂದ್ರೆ ಮಾತ್ರ ನಾ ಏಳೂದಿಲ್ಲ. ನನ್ನನ್ನೂ ಸೇರ್ಸಿ ಹಚ್ಚು."

"ನಕ್ಷೆ ನೋಡಿದ್ಯಾ? ಈ ಕಲ್ಲಿಂದ ಈಚೆ ನಮ್ದು. ಬಾವಿನೂ ನಮ್ದೇ."

"ನಕ್ಷೆ ಬರೆದಂವ ಅಗಳ ನೋಡಿದ್ನಾ?"

ಅಗಳ ಅಲ್ಲೇ ಇತ್ತು, ಎಲ್ಲರ ಕಣ್ಣೆದುರಿಗೆ. ಯಾವ ಅಜ್ಜಂದಿರ ಕಾಲದಲ್ಲೋ ಎರಡು ಮನೆಯವರೂ ಒಪ್ಪಿ ತೋಡಿದ ಗಡಿ ಕಂದಕ. ಬೆಟ್ಟದಿಂದ ನೇರ ಇಳಿದು ಬಂದು, ಬಾವಿಯ ಹತ್ತಿರ ಬಳಸಿ, ಬಾವಿಯನ್ನು ಗಣಪನ ಪಾಲಿಗೆ ಬಿಟ್ಟು ಮುಂದೆ ಹೋಗುತ್ತದೆ. ಮುಂಬೈ ಸರಕಾರದ ಕಾಲದಲ್ಲಿ ಅಳೆಯಲು ಬಂದವರಿಗೆ ಬಳಸು ಹಾದಿ ಬೇಡವಾಗಿತ್ತು. ಕಲ್ಲಿನಿಂದ ಕಲ್ಲಿಗೆ ನೇರ ಗೆರೆ ಎಳೆದರು. ಬಾವಿ, ಅರ್ಧ ಅಂಗಳ ಕಾಗದದ ಮೇಲೆ ಹೆಗಡೆಯವರದಾಯಿತು, ನೆಲದ ಮೇಲೆ ಗಣಪನದಾಗಿಯೇ ಉಳಿಯಿತು. ನೂರು ವರ್ಷ ಅದು ಯಾರಿಗೂ ಗೊತ್ತಿರಲಿಲ್ಲ. ದಿನಕರ ನಿವೃತ್ತರಾಗಿ ಬಂದವರೇ, ಸುಮ್ಮನೆ ಕೂರಲಾರದೆ, ತಮ್ಮ ಜಾಗವನ್ನೇ ಅಳೆದರು. ಮಂಜಿಯ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಿದರು.

"ಈ ಗೆರೆ ಬದಲಾಗವು ಹೇಳಿ ನೀ ಅರ್ಜಿ ಕೊಟ್ಟಿದ್ದೆ," ಅಂದ ವಿನೋದ. "ಇಂದು ಬಾವಿ, ನಾಳೆ ಬೆಟ್ಟ. ಎಲ್ಲಿಗೆ ನಿಲ್ತು ಇದು? ಅಪ್ಪಯ್ಯ ಜೀವಮಾನಿಡೀ ಗೆರೆ ಕಾದ. ಅವನನ್ನ ಅವನ ಗೆರೆ ಮೇಲೇ ಮಲಗಿಸ್ತೆ."

ಮಗ ಕಳ್ಳನಲ್ಲ ಎಂಬುದು ಸೀತಾಗೆ ಆಗ ತಿಳಿಯಿತು. ಅವನು ನಿಜಕ್ಕೂ ಅಪ್ಪನಿಗೆ ಗೌರವ ಕೊಡುತ್ತಿದ್ದೇನೆ ಎಂದುಕೊಂಡಿದ್ದ. ಕಳ್ಳನಾಗಿದ್ದರೆ ಬೈದು ತಿರುಗಿಸುವುದು ಸುಲಭವಿತ್ತು.

ಚಟ್ಟ ಹೊತ್ತ ನಾಲ್ವರ ಹೆಗಲು ಸೋಲತೊಡಗಿತ್ತು. ಇಳಿಸಿದರು. ದಿನಕರರ ತಲೆ ಅವರೇ ನಿಲ್ಲಿಸಿದ ಕಲ್ಲಿಗೆ ಒಂದು ಗೇಣು ದೂರದಲ್ಲಿತ್ತು.

*

ಕಲ್ಲು ನಿಲ್ಲಿಸಿದ ಮೊದಲ ಬೇಸಿಗೆಯಲ್ಲೇ ಹೆಗಡೆಯವರ ಮನೆಯ ಬಾವಿ ಬತ್ತಿತು. ದೇವರಿಗೂ ತಮಾಷೆ ಗೊತ್ತಿದೆ. ಕೊರೆಸಿದ ಎರಡು ಬೋರ್‌ವೆಲ್ಲಿನಲ್ಲೂ ಧೂಳು ಬಂತು. ದಿನಕರ ಕೊಡ ಹಿಡಿದು ತಗ್ಗಿಗೆ ಇಳಿದರು. ಸೀತಾ ಹಿಂದೆಯೇ ಇದ್ದಳು. ಕಲ್ಲಿನ ಹತ್ತಿರ ನಿಂತು ಅವರು ಕೂಗಿದರು:

"ಮಂಜೀ, ಎರಡು ಕೊಡ ತಗಳ್ಲಾ?"

ಒಳಗಿನಿಂದ ಮಂಜಿ ಹೊರಗೆ ಬಂದಳು. ಕಲ್ಲು ನೋಡಿದಳು, ಕೊಡ ನೋಡಿದಳು. ಬೈದಿದ್ದರೂ ನ್ಯಾಯವಾಗಿರುತ್ತಿತ್ತು.

"ನಿಮ್ದೇ ಬಾವಿ ಅಲ್ದಾ ಹೆಗ್ಡೇರೆ, ತಗಳ್ಳಿ."

ಚುಚ್ಚಿದಳೋ, ಮರ್ಯಾದೆ ಕೊಟ್ಟಳೋ ತಿಳಿಯಲಿಲ್ಲ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಹದಿನಾಲ್ಕು ಬೇಸಿಗೆ ಹೀಗೇ ಕಳೆಯಿತು. ಸೀತಾಳ ಅತ್ತೆ ಮೊದಲ ವರ್ಷ ಆ ಮನೆಯ ನೀರಿಗೆ ಮೂಗು ಮುರಿದಿದ್ದಳು, ಎರಡನೇ ವರ್ಷ ಬಾಯಾರಿಕೆ ಮೂಗಿಗಿಂತ ದೊಡ್ಡದಾಯಿತು. ಚುಚ್ಚು ಇದ್ದಿದ್ದರೂ ಸವೆದು ಹೋಯಿತು. ಕೊನೆಗೆ ಅದು ಇಬ್ಬರು ಮುದುಕರು ಒಬ್ಬರನ್ನೊಬ್ಬರು ಮಾತಾಡಿಸುವ ರೀತಿಯಾಯಿತು.

ಎರಡು ದೇಶಗಳು ಗಡಿಯೊಳಗಿನ ತುಂಡು ನೆಲಗಳನ್ನು ಅದಲುಬದಲು ಮಾಡಿಕೊಂಡ ವರ್ಷ ಗಣಪ ಪೇಪರು ಹಿಡಿದೇ ಬಂದಿದ್ದ. "ಎಂತ ಹೆಗ್ಡೇರೆ, ದೇಶ ದೇಶಾನೇ ಗೆರೆ ಬದಲಿಸ್ಕಂಡ್ವಂತೆ. ಒಂದು ಗುಂಡೂ ಹಾರ್ಲಿಲ್ವಂತೆ. ನಿಮ್ಮ ಕಲ್ಲಿಗೆ ಎಂತ ರೋಗ?"

ದಿನಕರ ಆ ಸುದ್ದಿಯನ್ನು ಮೂರು ಸಲ ಓದಿದರು. "ಅದಕ್ಕೆ ನಲವತ್ತು ವರ್ಷ ಮಾತಾಡಿದ್ದಾರೆ ಗಣಪ. ಮಾತು ಮುಗಿಯುವ ತನಕ ಕಲ್ಲು ಬೇಕು."

"ಹಂಗಾರೆ ನಾವು ಯಾವಾಗ ಮಾತಾಡೂದು?"

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ದಿನಕರ ನಕ್ಕರು. ಗಣಪ ಹೋದ ಮೇಲೆ ಸೀತಾ ಕೇಳಿಯೇ ಬಿಟ್ಟಳು. "ಬಾವಿ ನಮ್ಮದು ಹೇಳಾದ್ರೆ ದಿನಾ ಎಂತಕ್ಕೆ ಕೇಳ್ತಿ?"

"ನಕ್ಷೆಲಿ ನಮ್ಮದು," ಅಂದಿದ್ದರು ದಿನಕರ, ಪೇಪರನ್ನು ಮಡಚುತ್ತಾ. "ನೀರು ಅವಳದ್ದು."

*

"ಹೊತ್ತು ಮೀರ್ತಾ ಇದ್ದು," ಪುರೋಹಿತ ಭಟ್ಟರು ಗೊಣಗಿದರು. "ಎಲ್ಲಾದ್ರೂ ಸುಡಿ. ಮೊದಲು ಈ ಹೊಸ ಮಡಕೆಗೆ ನೀರು ತುಂಬಿ. ಮನೆಯಿಂದ ತಂದಿದ್ರೋ?"

ಯಾರೂ ತಂದಿರಲಿಲ್ಲ. ಮನೆಯಲ್ಲಿ ಇದ್ದ ಎರಡು ಕೊಡ ಬೆಳಗ್ಗೆ ಹೆಣಕ್ಕೆ ಸ್ನಾನ ಮಾಡಿಸುವುದರಲ್ಲಿ ಮುಗಿದಿತ್ತು.

"ಬಾವಿ ಇಲ್ಲೇ ಇದ್ದಲಾ," ಎಂದು ವಿನೋದ ಬೆಂಕಿಯನ್ನು ಕೆಳಗಿಟ್ಟು, ಮಣ್ಣಿನ ಮಡಕೆ ಎತ್ತಿಕೊಂಡು ಬಾವಿಗೆ ಹೋದ. ಹಗ್ಗಕ್ಕೆ ಕೈ ಹಾಕಿದ. ಮಂಜಿ ಹಗ್ಗ ಬಿಡಲಿಲ್ಲ. ಉಲ್ಲಾಸ ಕಟ್ಟಿಗೆಯ ಮೇಲಿಂದ ಧುಮುಕಿ ಬಂದ. ಗಣಪ ಮಗನ ರಟ್ಟೆ ಹಿಡಿದ. ಯಾರದೋ ಕೈ ನೆಲದ ಮೇಲಿದ್ದ ಕೊಡಲಿಯ ಕಡೆ ಹೋಗಿದ್ದನ್ನು ಸೀತಾ ನೋಡಿದಳು.

"ವಿನೋದ."

ದನಿ ದೊಡ್ಡದಿರಲಿಲ್ಲ, ಆದರೂ ಎಲ್ಲರೂ ತಿರುಗಿದರು.

"ಕೇಳಿ ತಗ."

"ಎಂತ ಆಯಿ?"

"ಅಪ್ಪಯ್ಯ ಹೆಂಗೆ ಕೇಳ್ತಿದ್ನೋ ಹಂಗೇ ಕೇಳು. ನಿನ್ನೆ ಸಂಜೆನೂ ಕೇಳಿದ್ದ. ಅವನನ್ನ ಮೀಶಿದ್ದು ಅವನೇ ಕೇಳಿ ತಂದ ನೀರಲ್ಲಿ."

ವಿನೋದ ಹಗ್ಗ ಬಿಡದೆ ಅಂದ. "ಇಷ್ಟು ಜನರೆದ್ರು ಕೇಳಿದ್ರೆ ಎಂತ ಅರ್ಥ ಗೊತ್ತಿದ್ದಾ ನಿಂಗೆ? ಬಾವಿ ಅವ್ರದ್ದು ಹೇಳಿ ಒಪ್ಪಿದಾಂಗೆ. ಮುಗತ್ತು."

"ಹೌದು. ಒಪ್ಪಿದಾಂಗೆ."

"ಅಪ್ಪಯ್ಯ ಕಲ್ಲು ಕಿತ್ತಿದ್ನಿಲ್ಲೆ!"

"ಕಿತ್ತಿದ್ನಿಲ್ಲೆ. ಆನೂ ಕೀಳು ಹೇಳ್ತ್ನಿಲ್ಲೆ. ಕೇಳು ಹೇಳ್ತಾ ಇದ್ದಿ." ಸೀತಾ ಚಟ್ಟದ ಪಕ್ಕ ಬಿಸಿ ನೆಲದ ಮೇಲೆ ಕೂತುಬಿಟ್ಟಳು, ಕಲ್ಲಿಗೆ ಬೆನ್ನು ಕೊಟ್ಟು. "ಕಸಿದ ನೀರಲ್ಲಿ ಅವನನ್ನ ಕಳಸ್ಲೆ ಆನು ಬಿಡ್ತ್ನಿಲ್ಲೆ. ಸಂಜೆ ಆಗಲಿ, ನಾಳೆ ಆಗಲಿ. ಇಲ್ಲೇ ಕೂತಿರ್ತೆ."

ಬೆಂಕಿಯ ಮಡಕೆಯಿಂದ ಹೊಗೆ ಕಡಿಮೆಯಾಗುತ್ತಿತ್ತು, ಅದು ಆರಿದರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. ಭಟ್ಟರು ಅದನ್ನೂ ವಿನೋದನನ್ನೂ ಸರದಿಯಲ್ಲಿ ನೋಡಿದರು. ವಿನೋದ ಅಪ್ಪನ ಮುಖ ನೋಡಿದ. ಬಿಸಿಲು ನೇರ ಮುಖದ ಮೇಲೆ ಬೀಳುತ್ತಿತ್ತು. ಗಣಪ ಮಗನ ರಟ್ಟೆ ಬಿಟ್ಟು ಬಂದು ತನ್ನ ಟವೆಲನ್ನು ಆ ಮುಖಕ್ಕೆ ನೆರಳಾಗಿ ಹಿಡಿದ.

ಅದನ್ನು ನೋಡಿದ ಮೇಲೆ ವಿನೋದ ಹಗ್ಗ ಬಿಟ್ಟ. ಬಾವಿಯಿಂದ ಹಿಂದಕ್ಕೆ ನಡೆದು ಕಲ್ಲಿನ ಹತ್ತಿರ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಬಾಯಿ ತೆರೆದ.

"ಮಂಜಕ್ಕಾ," ಅಂದ. "ಒಂದು ಮಡಕೆ ನೀರು... ತಗಳ್ಲಾ?"

ಉಲ್ಲಾಸ ಎದೆಯೊಳಗಿನ ಉಸಿರು ಬಿಟ್ಟ. ಅಲ್ಲಿ ನಿಂತ ಇಪ್ಪತ್ತು ಜನಕ್ಕೂ ಗೊತ್ತಾಯಿತು, ಯಾವ ಡ್ರೋನೂ ಹಾರುವ ಮೊದಲೇ ಗೆರೆ ಸರಿದಿತ್ತು. ಈಗ ಮಂಜಿ 'ಹೂಂ' ಅಂದರೆ ಸಾಕಿತ್ತು.

ಮಂಜಿ ಅಳುತ್ತಿದ್ದಳು. ಮೂಗೊರೆಸಿಕೊಂಡಳು.

"ನಿಮ್ದೇ ಬಾವಿ ಅಲ್ದಾ," ಅಂದಳು. "ತಗಳ್ಳಿ."

"ಅಮ್ಮಾ!" ಉಲ್ಲಾಸ ಚೀರಿದ. "ಎಂತ ಹೇಳ್ದೆ ನೀನು!"

"ಹೆಗ್ಡೇರಿಗೆ ಏನು ಹೇಳ್ತಿದ್ದೆನೋ ಅದನ್ನೇ ಹೇಳ್ದೆ." ಅವಳು ಆಗಲೇ ಕೊಡಪಾನ ಇಳಿಸಿದ್ದಳು. ಎರಡೂ ಕೈಯಿಂದ ಸೇದಿದಳು, ವಿನೋದನ ಮಡಕೆಗೆ ಸುರಿದಳು. ಅಂಚು ಮೀರಿ ಹೆಚ್ಚೇ ಸುರಿಯಿತು. ವಿನೋದ ಮಡಕೆಯನ್ನು ಹೆಗಲಿಗೇರಿಸಿದ, ಆಯಿಯ ಮುಖ ನೋಡದೆ ಒಟ್ಟಿದ ಕಟ್ಟಿಗೆಯನ್ನು ದಾಟಿಕೊಂಡು ಹಿರಿಯರನ್ನು ಸುಟ್ಟ ಬೆಟ್ಟದ ದಾರಿ ಹಿಡಿದ. ಭಟ್ಟರು ಬೆಂಕಿ ಎತ್ತಿಕೊಂಡು ಅವಸರದಲ್ಲಿ ಹಿಂದೆ ಓಡಿದರು. ಉಲ್ಲಾಸ ಕಟ್ಟಿಗೆಯ ರಾಶಿಯಿಂದ ದಪ್ಪನೆಯ ಮಾವಿನ ಕೊರಡೊಂದನ್ನು ಹೆಗಲಿಗೆ ಎಳೆದುಕೊಂಡ. ಉಳಿದವರೂ ಒಂದೊಂದು ಎತ್ತಿದರು.

ಚಟ್ಟಕ್ಕೆ ಒಂದು ಹೆಗಲು ಕಡಿಮೆ ಬಿತ್ತು, ಗಣಪ ಕೊಟ್ಟ.

ಸೀತಾ ಎದ್ದು ನಿಂತಳು. ವಿನೋದನ ತುಂಬಿದ ಮಡಕೆಯಿಂದ ನೀರು ತುಳುಕಿ ಧೂಳಿನ ಮೇಲೆ ಉದ್ದಕ್ಕೂ ಗೆರೆ ಬಿದ್ದಿತ್ತು. ಅದು ಬಾವಿಕಟ್ಟೆಯಿಂದ ಹೊರಟು, ಕಲ್ಲನ್ನು ಬಳಸಿ, ಅಗಳವನ್ನು ಒಂದು ಕಡೆ ದಾಟಿ, ಹೆಜ್ಜೆ ತಪ್ಪಿದಲ್ಲೆಲ್ಲ ಸೊಟ್ಟಗಾಗಿ ಬೆಟ್ಟಕ್ಕೆ ಏರಿತ್ತು. ಚಟ್ಟ ಹೊತ್ತವರು ಅದನ್ನೇ ನೋಡಿಕೊಂಡು ಹತ್ತಿದರು. ಅವರು ಅರ್ಧ ದಾರಿ ಏರುವಷ್ಟರಲ್ಲಿ ಕೆಳಗಿನ ತುದಿ ಬಿಸಿಲಿಗೆ ಒಣಗತೊಡಗಿತ್ತು.