ಬಡಗಿಯ ಮೊಣಕಾಲು

ಭೂಮಿಗೆ ಕಳಿಸುವಾಗ ದೇವರು ಒಬ್ಬೊಬ್ಬರಿಗೆ ಒಂದೊಂದು ಪಾತ್ರೆಯ ತುಂಬ ತಾಳ್ಮೆ ಕೊಟ್ಟು ಕಳಿಸಿರುತ್ತಾನೆ. ಬಡಗಿಯ ಹೆಂಡತಿಗೆ ಕೊಟ್ಟದ್ದು ಹಂಡೆಯಷ್ಟು. ಆದರೂ ಆ ಮಧ್ಯಾಹ್ನ ವಸ್ತುಸಂಗ್ರಹಾಲಯದ ಬಾಗಿಲು ದಾಟುವಷ್ಟರಲ್ಲಿ ಹಂಡೆಯ ತಳ ಕಾಣತೊಡಗಿತ್ತು.

ಗಂಡನ ಬಲ ಮೊಣಕಾಲು ಸವೆದು ಹೋಗಿತ್ತು. ಆಪರೇಷನ್ನಿಗೆ ಒಂದು ದಿನ ಗೊತ್ತಾಗಿತ್ತು. ಅಂದು ಸಂಜೆಯೊಳಗೆ ಫೋನ್ ಮಾಡಿ ಹೂಂ ಅನ್ನದಿದ್ದರೆ ಆ ದಿನ ಬೇರೆಯವರ ಪಾಲು. ಮತ್ತೆ ಸರದಿ ಬರುವ ಹೊತ್ತಿಗೆ ಈತ ಹಾಸಿಗೆ ಹಿಡಿದಿರುತ್ತಾನೆ ಎಂದಿದ್ದರು ಡಾಕ್ಟರು. ಆತನೋ ಹೂಂ ಅನ್ನ, ಉಹೂಂ ಅನ್ನ. ಬಾಯಿ ಬಿಟ್ಟರೆ "ನೋಡೋಣ". ಮನುಷ್ಯನ ಮೈಯೊಳಗಿನದನ್ನೆಲ್ಲ ಬಿಡಿಸಿ ತೋರಿಸುವ ಪ್ರದರ್ಶನ ಬಂದಿದೆ, ಸವೆದ ಮಂಡಿಯನ್ನು ಕಣ್ಣಾರೆ ಕಂಡರೆ ಬುದ್ಧಿ ಬಂದೀತು ಎಂದು ಅವಳು ಎಳೆದುಕೊಂಡು ಬಂದಿದ್ದಳು.

ಬುದ್ಧಿ ಎಲ್ಲಿಂದ ಬರಬೇಕು? ಅಸ್ಥಿಪಂಜರದ ಎದುರು ನಿಂತವನೇ, "ನಿಮ್ಮಣ್ಣ ಇದಾನೆ ನೋಡೇ. ಊಟಕ್ಕೆ ಕರೆದಾಗ ಹೀಗೇ ಹಲ್ಲು ಬಿಡೋದು" ಎಂದ. ಶ್ವಾಸಕೋಶದ ಎದುರು ಬೆಂಚು ಕಂಡಿತು, ಕೂತ. ಕರುಳಿನ ಎದುರೂ ಕೂತ. ನೋವು ತಡೆಯಲಾರದೆ ಕೂರುತ್ತಿದ್ದಾನೆಂದು ಅವಳಿಗೆ ಗೊತ್ತು. ಕೇಳಿದರೆ, "ನಿಧಾನಕ್ಕೆ ನೋಡ್ತಿದೀನಿ, ಬಿಡು."

"ರೀ, ಮಂಡಿ ಇರೋದು ಮುಂದಿನ ಕೋಣೇಲಿ. ಏಳ್ರಿ."

"ಮಂಡಿ ಎಲ್ಲಿಗೂ ಓಡಿ ಹೋಗಲ್ಲ ಕಣೇ."

"ನಿಮ್ಮದಂತೂ ಓಡಲ್ಲ ಬಿಡಿ."

ಅಂತೂ ಆ ಕೋಣೆ ಬಂತು. ಸವೆದ ಮಂಡಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಮಹಾರಾಯ ಅತ್ತ ಕತ್ತು ಕೂಡ ತಿರುಗಿಸಲಿಲ್ಲ. ಎದುರಿನ ಪೆಟ್ಟಿಗೆಯಲ್ಲಿ ಡಾಕ್ಟರುಗಳ ಸಲಕರಣೆ ಇಟ್ಟಿದ್ದರು: ಉಳಿ, ಸುತ್ತಿಗೆ, ಗರಗಸ. ಅಲ್ಲಿ ಬೇರು ಬಿಟ್ಟವನಂತೆ ನಿಂತುಬಿಟ್ಟ. ಮೂಗು ಗಾಜಿಗೆ ತಾಗಿತು, ಮುಖ ಕಪ್ಪಿಟ್ಟಿತು. ಕಾವಲಿಗೆ ಕೂತಿದ್ದ ಹೆಂಗಸನ್ನು ಕೂಗಿ ಕರೆದ.

"ಏನಮ್ಮಾ, ಇದರಲ್ಲಾ ಮೂಳೆ ಕೊಯ್ಯೋದು? ಒಂದು ಹಲ್ಲಾದರೂ ಹರಿತ ಇದೆಯಾ? ಇದರಲ್ಲಿ ನಾನು ಸೌದೆ ಕೂಡ ಕೊಯ್ಯಲ್ಲ!"

"ಅಯ್ಯೋ ಯಜಮಾನ್ರೇ, ಅದು ಯಾವುದೋ ಕಾಲದ್ದು. ಯಾರ ಕೈಗಾದರೂ ತಾಗೀತು ಅಂತ ಹಲ್ಲು ಮೊಂಡು ಮಾಡಿ ಇಟ್ಟಿದಾರೆ."

"ಈಗಿನದು ಹರಿತ ಇರುತ್ತೆ ಅಂತ ಯಾರು ಕಂಡಿದಾರೆ?"

ಹೆಂಡತಿಗೆ ಆಗ ಹೊಳೆಯಿತು. ಮೊಂಡು ಗರಗಸ ಕೊಯ್ಯುವುದಿಲ್ಲ, ಸಿಗಿಯುತ್ತದೆ ಎಂದು ಈತ ಜೀವಮಾನವೆಲ್ಲ ಕೆಲಸದವರನ್ನು ಬೈದದ್ದು ಅವಳ ಕಿವಿಯಲ್ಲಿತ್ತು. ಇಷ್ಟು ದಿನದ "ನೋಡೋಣ" ಎಂದರೆ ಇದು!

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಹೆದರಿದಾನೆ ಅಂತ ನೀನು ನಿಮ್ಮಣ್ಣನ ಕಿವಿಗೆ ಹಾಕ್ತಿದ್ದೆ."

"ಹಾಕ್ತೀನಿ! ಇವತ್ತೇ ಹಾಕ್ತೀನಿ!"

ಆದರೆ ಫೋನ್ ಮಾಡಿದ್ದು ಆಸ್ಪತ್ರೆಗೆ. ನಾಚಿಕೆಯಿಂದ ಕುಗ್ಗಿಹೋಗುತ್ತ, "ಡಾಕ್ಟ್ರೇ, ಇವರು ನಿಮ್ಮ ಗರಗಸದ ಬಗ್ಗೆ ಏನೋ ಕೇಳಬೇಕಂತೆ" ಎಂದು ಫೋನನ್ನು ಗಂಡನ ಕಿವಿಗೆ ಒತ್ತಿದಳು.

"ಹಲ್ಲು ಯಾವಾಗ ಯಾವಾಗ ತೀಡ್ತೀರಿ?" ಎಂದ ಬಡಗಿ, ನಮಸ್ಕಾರವನ್ನೂ ಹೇಳದೆ. ಆಮೇಲೆ ಕಣ್ಣರಳಿಸಿದ. "ಏನು, ತೀಡೋದೇ ಇಲ್ವಾ? ಒಬ್ಬೊಬ್ಬರಿಗೂ ಹೊಸ ಅಲಗು? ಒಂದು ಸಲ ಕೊಯ್ದು ಬಿಸಾಕ್ತೀರಾ?"

ಹೆದರಿಕೆ ಎದ್ದು ಹೋದ ಜಾಗದಲ್ಲಿ ಸಂಕಟ ಬಂದು ಕೂತಿತು. "ಒಳ್ಳೇ ಉಕ್ಕು ಡಾಕ್ಟ್ರೇ, ಪಾಪ ಸುತ್ತಿಕೊಳ್ಳುತ್ತೆ! ಆಯ್ತು, ಬರ್ತೀನಿ. ಆದರೆ ನನ್ನ ಕಾಲು ಕೊಯ್ದ ಅಲಗು ನನಗೇ ಕೊಡಬೇಕು."

ಆ ಕಡೆಯ ನಗು ಇವಳಿಗೂ ಕೇಳಿಸಿತು. ಫೋನ್ ಕಿತ್ತುಕೊಂಡು, ಗಂಡ ಮನಸ್ಸು ಬದಲಾಯಿಸುವ ಮುಂಚೆಯೇ ದಿನ ಗಟ್ಟಿ ಮಾಡಿದಳು. ಕಣ್ಣು ಮುಚ್ಚಿ, ಅಪ್ಪಾ ತಂದೆ, ನೀನಿದ್ದೀಯ ಎಂದು ಕೈ ಜೋಡಿಸಿದಳು.

ಕಣ್ಣು ಬಿಟ್ಟರೆ ಗಂಡ ಬೆಂಚಿನ ಮೇಲೆ ಕೂತಿದ್ದ.

"ಅಲ್ಲ ಕಣೇ, ಮಂಡಿ ತೋರಿಸ್ತೀನಿ ಅಂತ ಅಷ್ಟು ದೂರದಿಂದ ಕರ್ಕೊಂಡು ಬಂದೆ. ಇನ್ನೂ ತೋರಿಸಲೇ ಇಲ್ಲವಲ್ಲ?"

ಗಾಜಿನ ಪೆಟ್ಟಿಗೆ ಅವನ ಬೆನ್ನ ಹಿಂದೆಯೇ ಇತ್ತು. ಅವಳು ಇನ್ನೊಮ್ಮೆ ದೇವರನ್ನು ನೆನೆದು, ಭುಜ ಹಿಡಿದು ಅವನನ್ನು ಅತ್ತ ತಿರುಗಿಸಿದಳು.