ಬದನೆಕಾಯಿ ಬಣ್ಣದ ಜೋಡು

ಕೊಟ್ಟೂರಿನ ಆಶಾ ಕಾರ್ಯಕರ್ತೆ ಪಂಪಮ್ಮನಿಗೆ ಸರ್ಕಾರ ಕೊಟ್ಟದ್ದು ಒಂದೇ ಬಣ್ಣದ ಸೀರೆ. ಬೇಸಿಗೆ ಇರಲಿ, ಮಳೆ ಇರಲಿ, ಚಳಿ ಇರಲಿ, ಗುಲಾಬಿ ಎಂದರೆ ಗುಲಾಬಿ. ಕಾಲಕ್ಕೊಂದು ಉಡುಗೆ ಬೇಕು ಎಂದು ಬುದ್ಧಿ ಬಂದಾಗಿನಿಂದ ನಂಬಿಕೊಂಡು ಬಂದ ಹೆಂಗಸಿಗೆ ಇದೆಂಥ ಶಿಕ್ಷೆ ಎಂಬುದನ್ನು ನೀವೇ ಯೋಚಿಸಿ. ಭಾನುವಾರ ಬಂದಾಗ, ಮದುವೆ-ಸೀಮಂತ ಬಂದಾಗ ಅವಳು ಸೇಡು ತೀರಿಸಿಕೊಳ್ಳುತ್ತಿದ್ದಳು. ಬೇಸಿಗೆಗೆ ಮಜ್ಜಿಗೆಯಂಥ ಬಿಳಿ ಹತ್ತಿ ಸೀರೆ. ಮಳೆಗಾಲಕ್ಕೆ ಎರೆಮಣ್ಣು ಸಿಡಿದರೂ ಕಾಣದ ಕಡುನೀಲಿ, ಅದೂ ಎರಡು ಬೆರಳು ಮೇಲಕ್ಕೆ ಉಟ್ಟದ್ದು. ಚಳಿ ಬಿತ್ತೆಂದರೆ ಇಳಕಲ್ ಸೀರೆ, ಅದಕ್ಕೆ ಮೊಣಕೈ ಮುಚ್ಚುವ ತೋಳಿನ ಕುಪ್ಪಸ.

ಉಳಿದ ದಿನಗಳಲ್ಲಿ ಸರ್ಕಾರದ ಕಣ್ಣು ಬೀಳದ ಜಾಗವೆಂದರೆ ಪಾದ ಒಂದೇ. ಹಾಗಾಗಿ ಅವಳ ಋತುಗಳೆಲ್ಲ ಅಲ್ಲಿಗೆ ಇಳಿದಿದ್ದವು. ಬೇಸಿಗೆಗೆ ಗಾಳಿ ಆಡುವ ಪಟ್ಟಿಯ ಚಪ್ಪಲಿ, ಮಳೆಗೆ ಕೆಸರಿನಿಂದ ಸಲೀಸಾಗಿ ಎದ್ದು ಬರುವಂಥದ್ದು, ಚಳಿಗೆ ಬೆರಳು ಮುಚ್ಚುವಂಥದ್ದು. ನಮ್ಮ ಮನೆಗೆ ಕ್ಯಾಲೆಂಡರ್ ದಂಡ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿದರೆ ಯಾವ ತಿಂಗಳೆಂದು ತಿಳಿಯುತ್ತದೆ ಎಂದು ಗಂಡ ಹುಲುಗಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದಳು.

ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ದಸ್ತಗಿರಿಯ ಅಂಗಡಿ. ಹೊಲಕ್ಕೆ ಹೋಗುವವರು ಹಾಕುವ ದಪ್ಪ ಕೆರ ಮಾಡುವುದರಲ್ಲಿ ಅವನದು ಎತ್ತಿದ ಕೈ. ಅವನು ಹೊಲಿದ ಜೋಡು ಮುಳ್ಳು ತುಳಿದರೆ ಮುಳ್ಳಿಗೇ ನೋವು ಎಂದು ಜನ ಹೇಳುತ್ತಾರೆ. ಆದರೆ ಹೆಣ್ಣುಮಕ್ಕಳ ಚಪ್ಪಲಿ ಎಂದರೆ ಅವನು ಮುಖ ತಿರುಗಿಸುತ್ತಿದ್ದ. ಅವರು ಮೊಬೈಲಿನಲ್ಲಿ ನೋಡಿ ತರಿಸುತ್ತಾರೆ, ಮೂರು ತಿಂಗಳಿಗೆ ಬಿಸಾಡುತ್ತಾರೆ, ಅವರಿಗೆ ಹೊಲಿಗೆಯ ಬೆಲೆ ಗೊತ್ತಿಲ್ಲ ಎಂಬುದು ಅವನ ವಾದ.

ಅವನ ಸೊಸೆ ಕಹಕಶಾಳ ವಾದ ಬೇರೆ: ಕಾಲಿಗೆ ಹೊಂದುವ ಹಾಗೆ ಹೊಲಿದುಕೊಟ್ಟರೆ ಹೆಣ್ಣುಮಕ್ಕಳೂ ಅಂಗಡಿಗೇ ಬರುತ್ತಾರೆ. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವಳು ಹಳೆಯ ಲೇಡೀಸ್ ಚಪ್ಪಲಿಗಳನ್ನು ಬಿಚ್ಚಿ ಬಿಚ್ಚಿ ಒಳಗಿನ ಗುಟ್ಟು ಕಲಿತಿದ್ದಳು. ಮಾವ ಅವಳಿಗೆ ಕೊಡುತ್ತಿದ್ದ ಕೆಲಸ ಮಾತ್ರ ಶಾಲೆ ಮಕ್ಕಳ ಚೀಲಕ್ಕೆ ಜಿಪ್ ಹಾಕುವುದು. ಪಂಪಮ್ಮ ತನ್ನ ಚಳಿಗಾಲದ ಹಳೆಯ ಜೋಡಿಗೆ ಹೊಲಿಗೆ ಹಾಕಿಸಲು ಅಂಗಡಿಗೆ ಹೋದ ದಿನ ಮಾವ-ಸೊಸೆಯ ನಡುವೆ ಇದೇ ಮಾತು ನಡೆದಿತ್ತು. ಪಂಪಮ್ಮ ಸುಮ್ಮನಿರುವ ಪೈಕಿ ಅಲ್ಲವಲ್ಲ, ಮೂಗು ತೂರಿಸಿದಳು. ಮುಂದಿನ ವಾರ ಕೂಡ್ಲಿಗಿಯಲ್ಲಿ ಸುತ್ತಲಿನ ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರ ಸಮಾವೇಶವಿದೆ, ನನಗೆ ಅಲ್ಲಿ ಸನ್ಮಾನವಿದೆ, ಇವಳು ಮಾಡಿದ ಜೋಡನ್ನೇ ಹಾಕಿಕೊಂಡು ವೇದಿಕೆ ಹತ್ತುತ್ತೇನೆ, ಮುನ್ನೂರು ಹೆಂಗಸರು ನೋಡಲಿ ಎಂದಳು.

ದಸ್ತಗಿರಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ಆತು ಅಕ್ಕಾರ. ಒಂದ ಜೋಡು ಮಾಡ್ಲಿ. ಅದನ್ನ ನೋಡಿ ಒಬ್ಬಾಕಿನಾರ ನನಗೂ ಬೇಕು ಅಂದ್ರ, ಅರ್ಧ ಅಂಗಡಿ ಆಕಿದು. ಯಾರೂ ಕೇಳಲಿಲ್ಲಂದ್ರ ಜಿಪ್ ಹಾಕ್ಕೊಂತ ಇರಬೇಕು. ಮತ್ತ ಆ ಮಾತು ಎತ್ತಂಗಿಲ್ಲ."

ಕಹಕಶಾ ಆ ಹೊತ್ತಿನಲ್ಲಿ ಅಳತೆ ತೆಗೆದುಕೊಳ್ಳಲಿಲ್ಲ. ಬೆಳಗಿನ ಕಾಲು ಸುಳ್ಳು ಹೇಳುತ್ತದೆ, ಸಂಜೆಗೆ ಊದಿಕೊಂಡಿರುತ್ತದೆ, ನೀವು ಮನೆ ಮನೆ ತಿರುಗಿ ಸಾಕಾದ ಮೇಲೆ ಬನ್ನಿ ಎಂದಳು. ಸಂಜೆ ಬಾಣಂತಿಯರ ಮನೆಗಳನ್ನೆಲ್ಲ ಮುಗಿಸಿಕೊಂಡು ಪಂಪಮ್ಮ ಬಂದಾಗ, ದಪ್ಪ ಕಾಗದದ ಮೇಲೆ ಅವಳ ಪಾದ ಇಡಿಸಿ ಸುತ್ತ ಗೆರೆ ಎಳೆದಳು. ಬಲಗಾಲಿನ ಹೆಬ್ಬೆರಳ ಬುಡದ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿ, ಇಲ್ಲಿಗೆ ಚರ್ಮ ಮೆತ್ತಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಐವತ್ತರ ಹತ್ತಿರ ಬಂದ ಪಂಪಮ್ಮನ ಆ ಗಂಟನ್ನು ಅಷ್ಟು ಮರ್ಯಾದೆಯಿಂದ ಅದುವರೆಗೆ ಯಾರೂ ವಿಚಾರಿಸಿರಲಿಲ್ಲ.

ಜೋಡು ಬಂತು. ಎಳೆ ಬದನೆಕಾಯಿಯ ಬಣ್ಣ, ಅದೇ ಹೊಳಪು. ಬೆರಳು ಮುಚ್ಚಿ, ಹಿಮ್ಮಡಿಯ ಮೇಲೆ ಸುತ್ತಿ ಬರುವ ಪಟ್ಟಿ, ಅದಕ್ಕೊಂದು ಪುಟ್ಟ ಬಕಲ್. ಅಂಚಿನುದ್ದಕ್ಕೂ ಕೈಯಲ್ಲಿ ಹಾಕಿದ ಹೊಲಿಗೆ, ಜೋಳದ ತೆನೆಯ ಹಾಗೆ ಕಾಳು ಕಾಳು. ಪಂಪಮ್ಮ ಹಾಕಿಕೊಂಡು ಓಣಿಯ ಆ ತುದಿಯಿಂದ ಈ ತುದಿಗೆ ನಡೆದಳು. ಗಂಟು ತುಟಿ ಪಿಟಕ್ಕೆನ್ನಲಿಲ್ಲ.

ಸಮಾವೇಶದ ದಿನ ಅವಳು ಬಸ್ಸಿನಲ್ಲಿ ಕೂಡಲೂ ಇಲ್ಲ, ಯಾರಾದರೂ ಜೋಡು ತುಳಿದಾರೆಂದು ಕಟ್ಟಕಡೆಯ ಮೂಲೆಯಲ್ಲಿ ನಿಂತೇ ಕೂಡ್ಲಿಗಿ ಮುಟ್ಟಿದಳು. ಸಭಾಭವನದ ತುಂಬ ಗುಲಾಬಿಯೋ ಗುಲಾಬಿ. ಮೈಕಿನವರು ಹೆಸರು ಕೂಗಿದಾಗ ಅವಳು ನಡುದಾರಿಯಲ್ಲಿ ಬೇಕೆಂದೇ ನಿಧಾನವಾಗಿ ನಡೆದು ಬಂದಳು. ಆದರೆ ಎಲ್ಲರ ಕಣ್ಣು ವೇದಿಕೆಯ ಮೇಲಿನ ದೊಡ್ಡ ಡಾಕ್ಟರ ಕಡೆಗಿತ್ತು. ಇರಲಿ, ಮೇಲೆ ಹತ್ತಿದಾಗ ನೋಡುತ್ತಾರೆ ಎಂದು ಮೆಟ್ಟಿಲ ಬುಡಕ್ಕೆ ಬಂದಳು. ಆಗ ಮೈಕು ಹೇಳಿತು: ದೀಪ ಬೆಳಗಿಸುವುದಿದೆ, ಎಲ್ಲರೂ ದಯವಿಟ್ಟು ಪಾದರಕ್ಷೆ ಕೆಳಗೆ ಬಿಟ್ಟು ಬರಬೇಕು.

ಪಂಪಮ್ಮ ನಿಂತಲ್ಲೇ ನಿಂತಳು. ಹದಿನೈದು ವರ್ಷದಿಂದ ದಿನಕ್ಕೆ ಇಪ್ಪತ್ತು ಹೊಸಿಲ ಹೊರಗೆ ಚಪ್ಪಲಿ ಬಿಟ್ಟ ಹೆಂಗಸು ಅವಳು. ದೀಪದ ಮುಂದೆ ಬಿಡಬೇಕಾಗುತ್ತದೆ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಮೇಲೆ ಡಾಕ್ಟರು ಉರಿಯುವ ಮೇಣದ ಬತ್ತಿ ಹಿಡಿದು ಕಾಯುತ್ತಿದ್ದರು. ಇವಳು ಬಗ್ಗಿ ಬಕಲ್ ಬಿಚ್ಚಿದಳು. ಒಂದು ಬಿಚ್ಚಿತು, ಇನ್ನೊಂದು ಹಟ ಮಾಡಿತು. ಮೇಣ ಡಾಕ್ಟರ ಬೆರಳಿಗೆ ಹನಿಯಿತು. ಕೊನೆಗೆ ಜೋಡನ್ನು ಮೂವತ್ತು ಹವಾಯಿ ಚಪ್ಪಲಿಗಳ ಪಕ್ಕದಲ್ಲಿ ಬಿಟ್ಟು, ಬರಿಗಾಲಲ್ಲಿ ಹತ್ತಿದಳು.

ದೀಪ ಹಚ್ಚಿದರು. ಶಾಲು ಹೊದಿಸಿದರು, ಹಾರ ಹಾಕಿದರು. ಅವಳ ಮುಂದಿನ ಮೇಜಿಗೆ ನೆಲ ಮುಟ್ಟುವ ಬಟ್ಟೆ ಬೇರೆ ಹೊದಿಸಿದ್ದರು. ಪಾದಗಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಊರಿಗೆ ಹೋಗಿ ಕಹಕಶಾಳಿಗೆ ಏನು ಹೇಳಲಿ ಎಂಬ ಯೋಚನೆಯಲ್ಲಿ ಅವಳಿಗೆ ಭಾಷಣಗಳು ಒಂದೂ ಕೇಳಿಸಲಿಲ್ಲ. ಅಷ್ಟರಲ್ಲಿ ಯಾರೋ ಮೈಕು ತಂದು ಕೈಗಿತ್ತು, ಎರಡು ಮಾತಾಡಿ ಎಂದರು. ಬರೆದುಕೊಂಡು ಬಂದ ಚೀಟಿಯಲ್ಲಿ ಲಸಿಕೆಯ ವಿಷಯವಿತ್ತು. ಅವಳು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

"ಶಾಲು ಹೆಗಲಿಗೆ ಹಾಕೀರಿ, ಹಾರ ಕೊರಳಿಗೆ ಹಾಕೀರಿ. ನಡದಿದ್ದು ಮಾತ್ರ ಕಾಲು. ಅವಕ್ಕ ಯಾರೂ ಏನೂ ಕೊಡಲಿಲ್ಲ. ನಮ್ಮ ಕೊಟ್ಟೂರಾಗ ಕಹಕಶಾ ಅಂತ ಒಬ್ಬಾಕಿ ಹುಡುಗಿ ಅದಾಳ, ಆಕಿ ಕೊಟ್ಲು. ನನ್ನ ಕಾಲಾಗಿನ ಗಂಟು ಕೇಳಿ ಹೊಲದಾಳ. ಇಲ್ಲೇ ಮೆಟ್ಟಲ ಬುಡಕ ಬಿಟ್ಟೀನಿ. ನೀವೂ ನನ್ನಂಗ ನಡಿಯಾರೇ, ಒಮ್ಮೆ ನೋಡ್ರಿ."

ಮುನ್ನೂರು ಹೆಂಗಸರು ನಕ್ಕರು. ಮೊದಲ ಸಾಲಿನಲ್ಲಿ ಬಾಗಳಿಯ ನಾಗಲಿಂಗಮ್ಮ ಕೂತಿದ್ದಳು, ಗಟ್ಟಿ ಆಳು, ಗಟ್ಟಿ ಬಾಯಿ. ಇನ್ನೊಬ್ಬರ ಕೆರ ಕೈಯಲ್ಲಿ ಹಿಡಿಯುವುದು ನಮ್ಮ ಕಡೆ ಅಷ್ಟು ಸಲೀಸಲ್ಲ. ಅವಳು ಎದ್ದು ಬಂದು ಮೊದಲು ಕಾಲಿನ ಹೆಬ್ಬೆರಳಿನಿಂದ ಒಂದನ್ನು ತನ್ನತ್ತ ಸರಿಸಿಕೊಂಡಳು. ಆಮೇಲೆ ಪಾದ ತೂರಿಸಿದಳು. ಆಮೇಲೆ, ನೋಡುವವರು ನೋಡಲಿ ಎಂದು ಬಗ್ಗಿ, ಕೈಯಲ್ಲೇ ಎತ್ತಿ ಹೊಲಿಗೆಯನ್ನು ಬೆಳಕಿಗೆ ಹಿಡಿದಳು. ಪಕ್ಕದವಳು ಕಸಿದುಕೊಂಡಳು. ಅಲ್ಲಿಂದ ಬದನೆಕಾಯಿ ಬಣ್ಣದ ಜೋಡು ಬೇರೆ ಬೇರೆ ದಾರಿ ಹಿಡಿಯಿತು: ಎಡದ್ದು ಗೋಡೆಯ ಕಡೆಗೆ, ಬಲದ್ದು ಹಿಂದಿನ ಸಾಲಿಗೆ. ಗುಲಾಬಿ ಸೀರೆಗಳು ಒಂದಾದ ಮೇಲೊಂದು ಬಗ್ಗಿ ಏಳುತ್ತಿದ್ದವು. ಮುಂದಿನ ಭಾಷಣಕಾರರು ಪಾಪ, ಯಾರಿಗೆ ಮಾತಾಡಬೇಕೆಂದು ತಿಳಿಯದೆ ಬೇಗ ಮುಗಿಸಿದರು.

ಪಂಪಮ್ಮ ಕೆಳಗಿಳಿದಾಗ ಮೆಟ್ಟಿಲ ಬುಡದಲ್ಲಿ ಹವಾಯಿಗಳಷ್ಟೇ ಇದ್ದವು. ನಾಗಲಿಂಗಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

"ಯವ್ವಾ ಪಂಪಕ್ಕ, ನಂಗ ಒಂದು ಜೋಡು ಕಪ್ಪಿಂದು ಬೇಕು. ಬಕಲ್ ಮಾತ್ರ ಬ್ಯಾಡ. ಡಾಕ್ಟ್ರ ಕೈ ಸುಡೋದು ನಾ ನೋಡೀನಿ."

ಅವಳ ಹಿಂದೆ ಮತ್ತೊಬ್ಬಳು, ಮಳೆಗಾಲದ್ದು ಮಾಡುತ್ತಾಳಾ ಎಂದು. ಮಗಳ ಮದುವೆ ಇದೆ ಎಂದು ಇನ್ನೊಬ್ಬಳು. ಪಂಪಮ್ಮ ಬರಿಗಾಲಲ್ಲೇ ಗೋಡೆಗೆ ಒರಗಿ ಅಂಗಡಿಗೆ ಫೋನ್ ಹಚ್ಚಿದಳು. ಎತ್ತಿದವನು ದಸ್ತಗಿರಿ.

"ಏನಾತು ಅಕ್ಕಾರ, ಕಚ್ಚಿದವೇನು?"

"ಕಚ್ಚಾಕ ನನ್ನ ಕಾಲಾಗ ಎಲ್ಲಿ ಅದಾವಣ್ಣ. ಆರು ಮಂದಿ ಕೇಳ್ಯಾರ. ಬಲಗಾಲಿಂದು ಇನ್ನೂ ನಾಕನೇ ಸಾಲಿನಾಗೈತಿ. ಬರಕೊ, ಬಾಗಳಿ ನಾಗಲಿಂಗಮ್ಮಗ ಕಪ್ಪು..."

ಆ ಕಡೆ ಸುತ್ತಿಗೆ ಕೆಳಗಿಟ್ಟ ಸದ್ದು ಕೇಳಿಸಿತು.

"ತಡೀರಿ," ಎಂದ ದಸ್ತಗಿರಿ. "ನಂಗ ಹೇಳಬ್ಯಾಡ್ರಿ, ನಂಗದು ತಿಳಿಯಂಗಿಲ್ಲ." ಮತ್ತೆ ಅವನ ದನಿ ಫೋನಿನಿಂದ ದೂರ ಸರಿದು ಅಂಗಡಿಯ ಒಳಗಡೆ ತಿರುಗಿತು. "ಬೇಟಿ, ಇಲ್ಲಿ ಬಾ. ನಿನ್ನ ಗಿರಾಕಿ ಅದಾರ ಲೈನಿನಾಗ."