ಎಡಗೈ ಬೆಸುಗೆ

"ಏನ್ ಭಾವ, ಗುಂಡಿಗಿಳಿದು ನಿದ್ದೆ ಹೋದ್ರಾ? ಯಾವ ಕಂಪನಿ ಗಾಡಿ ಹೇಳಿ ಅಂದ್ರೆ ಸೊಲ್ಲೇ ಇಲ್ಲ!" ಮೇಲಿನಿಂದ ತಂಗಿಯ ಗಂಡ ಕೂಗಿದ.

ಗ್ಯಾರೇಜಿನ ನೆಲದಲ್ಲಿ ತೋಡಿದ ಆಳುದ್ದದ ಗುಂಡಿಯಲ್ಲಿ ಮೆಕ್ಯಾನಿಕ್ಕು, ತಲೆಯ ಮೇಲೆ ಕಾರು. ಕಂಪನಿಯ ಬಿಲ್ಲೆ ಎಲ್ಲೂ ಇಲ್ಲದ ಈ ನೀಲಿ ಕಾರನ್ನು ತಂಗಿಯ ಗಂಡ ಮೊನ್ನೆ ತಾನೇ ಯಾರಿಂದಲೋ ಕೊಂಡಿದ್ದ. ಮೂತಿ ನೋಡಿದವರು ಒಂದು ಹೆಸರು ಹೇಳಿದರೆ ಬೆನ್ನು ನೋಡಿದವರು ಇನ್ನೊಂದು ಹೇಳುತ್ತಿದ್ದರು. ಹೆಂಡತಿ ಮಗಳನ್ನು ಕೂರಿಸಿಕೊಂಡು ಬೆಟ್ಟದ ರಸ್ತೆ ಹತ್ತುವ ಮೊದಲು ಭಾವನ ಬಾಯಿಂದಲೇ ಅದರ ಕುಲಗೋತ್ರ ಹೇಳಿಸಲು ಬಂದಿದ್ದ.

ಮೆಕ್ಯಾನಿಕ್ಕು ದೀಪ ಹಿಡಿದು ತಳ ಕೆರೆದ. ಬಳಿದಿದ್ದ ಕಪ್ಪು ಡಾಂಬರು ಉದುರಿತು. ಮುಂದಿನ ಸೀಟಿನ ಹಿಂದೆ, ಈ ಅಂಚಿನಿಂದ ಆ ಅಂಚಿಗೆ ವೆಲ್ಡಿಂಗ್ ಗೆರೆ. ಎರಡು ಗುಜರಿ ಕಾರು ಕತ್ತರಿಸಿ, ಎತ್ತಿನ ಮೈಗೆ ಕುದುರೆ ಮುಖ ಅಂಟಿಸಿದ ಹಾಗೆ ಬೆಸೆದಿದ್ದರು. ಗೆರೆಯಲ್ಲಿ ಉಗುರು ತೂರುವಷ್ಟು ಬಿರುಕು. ಒಂದು ಹೊಂಡಕ್ಕೆ ಬಿದ್ದರೆ ನಡು ಮುರಿಯುವ ಗಾಡಿ.

ಬೆಸುಗೆಯ ಹುರುಪೆಗಳೆಲ್ಲ ತಿರುವುಮುರುವಾಗಿ ವಾಲಿದ್ದವು. ಹಾಗೆ ಬೆಸೆಯುವವನು ಎಡಚ. ಊರಿಗೆಲ್ಲ ಎಡಚ ವೆಲ್ಡರ್ ಒಬ್ಬನೇ: ಈ ಗ್ಯಾರೇಜಿನ ಯಜಮಾನ, ಮೆಕ್ಯಾನಿಕ್ಕಿಗೆ ಹೆಣ್ಣು ಕೊಟ್ಟ ಮಾವ. ಉಣ್ಣುವ ಅನ್ನ, ಮಲಗುವ ಚಾಪೆ ಎಲ್ಲ ಆತನ ಸೂರಿನಡಿಯೇ.

"ಫಾರಿನ್ ಗಾಡಿ ಕಣ್ರೀ ಅದು," ಬೆಂಚಿನಿಂದ ಮಾವನ ದನಿ ಬಂತು. "ನಮ್ಮ ಅಳಿಯನಿಗೇನು ಗೊತ್ತು, ಸ್ಕ್ರೂ ತಿರುಗಿಸೋನಿಗೆ!"

"ನೋಡೇ! ಗುಜರಿ ಥರ ಇದೆ ಅಂದ್ಯಲ್ಲ?" ತಂಗಿಯ ಗಂಡ ಹೆಂಡತಿಗೆ ಹೇಳಿದ.

"ನಾನಂದಿದ್ದು ಗಾಡಿಗಲ್ಲ, ನಿಮಗೆ," ಎಂದು ತಂಗಿ ನಕ್ಕಳು.

ತಂಗಿಯ ಗಂಡ ಮಗಳಿಗೆ ಹಾರ್ನ್ ಒತ್ತಿ ತೋರಿಸುವ ಗದ್ದಲದಲ್ಲಿ ಮಾವ ಗುಂಡಿಯ ಅಂಚಿಗೆ ಬಂದು ಕುಕ್ಕುರುಗಾಲಲ್ಲಿ ಕೂತ.

"ನೋಡಿದ್ಯಾ?"

"ನೋಡ್ದೆ ಮಾವ."

"ಯಾರಿಗೋ ಅಂತ ಮಾಡಿದ್ದು ಕಣೋ. ಸುತ್ತಿ ಸುತ್ತಿ ಇಲ್ಲಿಗೇ ಬರತ್ತೆ ಅಂತ ಯಾರಿಗೆ ಗೊತ್ತಿತ್ತು? ನಿಧಾನಕ್ಕೆ ಹೋಗ್ತಾರೆ ಬಿಡು."

"ಅದರೊಳಗೆ ಕೂರೋಳು ನನ್ನ ತಂಗಿ."

"ಮನೆಯೊಳಗೆ ನಿಂಗೆ ಅಡುಗೆ ಮಾಡ್ತಿರೋಳು ನನ್ನ ಮಗಳು. ನಾನು ಜೈಲಿಗೆ ಹೋದ್ರೆ ಅವಳು ನಿನ್ನ ಮುಖ ನೋಡ್ತಾಳಾ? ಗೆರೆ ಕಾಣದ ಹಾಗೆ ಗ್ರೀಸ್ ಬಳಿದು ಮೇಲೆ ಬಾ."

ಮಾವ ಎದ್ದ. ಮೆಕ್ಯಾನಿಕ್ಕಿಗೆ ಆತನ ಕಾಲು ಹಿಡಿದು ಗುಂಡಿಗೆ ಕೆಡವುವಷ್ಟು ಸಿಟ್ಟು ಬಂತು. ಆದರೂ ಸ್ಪ್ಯಾನರ್ ಜೇಬಿಗೆ ತುರುಕಿ ಏಣಿಯ ಮೇಲೆ ಕಾಲಿಟ್ಟ.

"ಬೇಗ ಬಾ ಅಣ್ಣಾ," ತಂಗಿ ಕರೆದಳು. "ನೀನು ಅಡೀಲಿರೋ ತನಕ ಇವರಿಗೆ ಗಾಡಿ ತೆಗೆಯೋಕಾಗಲ್ಲ."

ಅವನು ಅಲ್ಲೇ ನಿಂತ. ಆಮೇಲೆ ಕಾಲು ಹಿಂದಕ್ಕೆ ತೆಗೆದು, ಎಣ್ಣೆ ಮೆತ್ತಿದ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟ.

"ಅಣ್ಣಾ? ಕೇಳಿಸ್ತಾ?"

ಚಕ್ರದ ಸಂದಿಯಲ್ಲಿ ತಂಗಿಯ ಮಗಳ ಪುಟ್ಟ ಕಾಲುಗಳು ಕುಣಿಯುತ್ತಿದ್ದವು. ಅವುಗಳ ಪಕ್ಕದಲ್ಲಿ ಮಾವನ ಚಪ್ಪಲಿಗಳು ಕದಲದೆ ನಿಂತಿದ್ದವು.